ಅತ್ತೆ ಮುನಿಸು

"ಈಗ ನಾಲ್ಕು ಸ್ವರ ಒಟ್ಟಿಗೆ ನುಡಿಸಿದ್ರಲ್ಲ, ಆ ಕಾರ್ಡ್‌ನ ಹೆಸರೇನು?" ಎಂದು ಕೀಬೋರ್ಡಿನವನು ಕೇಳಿದಾಗ ಅವಳ ಬೆರಳುಗಳು ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಮೇಲೇ ನಿಂತುಬಿಟ್ಟವು. ಅಡುಗೆಮನೆಯಲ್ಲಿ ಕೂತು ತಾನೇ ಕಲಿತು, ಮೊಬೈಲ್ ವಿಡಿಯೊಗಳಿಂದ ಮನೆಮಾತಾಗಿದ್ದವಳು ಸ್ಟುಡಿಯೊ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಬಣ್ಣ ಬಯಲಾಯಿತು ಎಂದುಕೊಂಡಳು.

"ಪುಸ್ತಕದಲ್ಲಿ ಇದಕ್ಕೇನಂತಾರೋ ನಂಗೊತ್ತಿಲ್ಲ. ನಾನಿದನ್ನ ‘ಅತ್ತೆ ಮುನಿಸು’ ಅಂತೀನಿ," ಎಂದಳು ಮೆಲ್ಲಗೆ.

ಮೂಲೆಯಲ್ಲಿ ಗಿಟಾರಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ಜೊತೆಗೆ ಬಂದಿದ್ದ ಅವಳ ಅತ್ತೆ ಕಿವಿ ನಿಮಿರಿಸಿದರು. "ಯಾಕಮ್ಮಾ, ನಾನೇನು ಮಾಡ್ದೆ?"

"ಮೊದಲು ಚುರ್ ಅನ್ನುತ್ತೆ. ಸ್ವಲ್ಪ ಕಾದ್ರೆ ತಾನೇ ಮೆತ್ತಗಾಗುತ್ತೆ."

ಅತ್ತೆ ಚೀಲದ ಹಿಂದೆ ಮುಖ ಮರೆಸಿಕೊಂಡು ನಕ್ಕರು. ಕೀಬೋರ್ಡಿನವನು ಮಾತ್ರ ನಗಲಿಲ್ಲ. ಅದೇ ಸ್ವರಗಳನ್ನು ಹುಡುಕಿ ಒತ್ತಿ ನೋಡಿದ; ಮಿಕ್ಕ ವಾದ್ಯದವರತ್ತ ತಿರುಗಿ, "ಎಲ್ರೂ ಅತ್ತೆ ಮುನಿಸಿಂದ ಶುರು ಮಾಡಿ," ಎಂದ.

ಹಾಗೆಂದರೇನು ಎಂದು ಯಾರೂ ಕೇಳಲಿಲ್ಲ.