ಗಾಲಿಗಿಡುವ ಕಲ್ಲು

ಪೆಟ್ರೋಲ್ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣು ತಾನಾಗಿ ಗಾಡಿಯ ಕನ್ನಡಿಗೆ ಹೋಗುತ್ತದೆ.

ನಮ್ಮ ಹಳೇ ಪಿಕಪ್ ಕರೋಶಿ ದಾರಿಯ ಏರಿನಲ್ಲಿ ಪ್ರತಿಸಲ ಬಂದ್ ಬೀಳುತ್ತಿತ್ತು. ಆಗ ಅವ್ವ ತನ್ನ ಕಾಲ ಬುಡದಲ್ಲಿ ಇಟ್ಟುಕೊಂಡಿರುತ್ತಿದ್ದ ಕಲ್ಲನ್ನು ಎತ್ತಿಕೊಂಡು ಇಳಿದು ಹಿಂದಿನ ಗಾಲಿಗೆ ಇಡುತ್ತಿದ್ದಳು. ಗಾಡಿ ಹಿಂದೆ ಸರಿದರೆ ಅವಳ ಮೇಲೆಯೇ ಹೋಗುತ್ತದೆಂದು ನಾನು ಉಸಿರು ಹಿಡಿದು ಕನ್ನಡಿ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಚಿಕ್ಕೋಡಿಯ ಮಿಸ್ತ್ರಿ ಕಾರ್ಬೊರೇಟರ್ ತೊಳೆದು, ಪೆಟ್ರೋಲ್ ಹೆಚ್ಚು ಬಿಡುವ ದೊಡ್ಡ ಜೆಟ್ ಹಾಕಿ, ಎಂಜಿನ್ನಿನ ಟೈಮಿಂಗ್ ಸರಿಮಾಡಿದ್ದ. "ಇನ್ನ ಕಲ್ಲ ಬ್ಯಾಡ್ರಿ, ಏರು ತಾನ ಹತ್ತತೈತಿ," ಎಂದಿದ್ದ. ಆದರೂ ಮರಳುವಾಗ ಏರಿನ ಬುಡದಲ್ಲಿ ಅಪ್ಪ ಗೇರು ಬದಲಿಸಲು ಗಾಡಿ ನಿಧಾನ ಮಾಡಿದಾಗ, ಬಂದ್ ಬಿತ್ತೆಂದುಕೊಂಡು ಅವ್ವ ರೂಢಿಯಂತೆ ಕಲ್ಲು ಎತ್ತಿಕೊಂಡು ಇಳಿದುಬಿಟ್ಟಳು. ಗಾಡಿ ನಿಲ್ಲಲಿಲ್ಲ, ಗುರ್ ಎಂದು ಏರತೊಡಗಿತು. ಕನ್ನಡಿಯಲ್ಲಿ ಅವ್ವ ಸಣ್ಣವಳಾಗುತ್ತ ತಿರುವಿನಲ್ಲಿ ಕಾಣದಾದಳು.

"ಅಪ್ಪಾ, ಅವ್ವ ಕೆಳಗ ಉಳದ್ಲು!" ಎಂದು ಕಿರುಚಿ ಅವನ ತೋಳು ಜಗ್ಗಿದೆ.

"ತಡೀ, ಈಗ ಏರಿನ್ಯಾಗ ನಿಂದ್ರಸಬಾರ್ದು!" ಅಪ್ಪ ನಗುತ್ತಿದ್ದ.

ಮೇಲೆ ಹೋಗಿ ನಿಂತೆವು. ಬಹಳ ಹೊತ್ತಿನ ಮೇಲೆ ಅವ್ವ ಬೆವೆತು ಬಂದಳು. ಕಲ್ಲು ಸೊಂಟದ ಮೇಲೇ ಇತ್ತು.

"ಹೆಂಗ ಹತ್ತಿತು, ನೋಡಿದಿ?" ಎಂದ ಅಪ್ಪ.

"ನೋಡಿದ್ನಿರಿ. ನೀವ ಒಮ್ಮೆನೂ ಹೊಳ್ಳಿ ನೋಡ್ಲಿಲ್ಲ."

ಮಿಸ್ತ್ರಿ ಬೇಡವೆಂದಿದ್ದ ಆ ಕಲ್ಲನ್ನು ಅವಳು ಗಾಡಿ ಹತ್ತಿ ಮತ್ತೆ ತನ್ನ ಕಾಲ ಬುಡದಲ್ಲಿ ಇಟ್ಟುಕೊಂಡಳು.