ಪೆಟ್ಟು ತಿನ್ನದ ಹಲಗೆ

ಕಡಿದ ಮರಗಳು ಸಾಯುವುದನ್ನು ನಿಲ್ಲಿಸಿ ಒಂಬತ್ತು ವರ್ಷವಾಗಿತ್ತು. ಹಾಗಾಗಿ ಹುಬ್ಬಳ್ಳಿಯ ಬಡಗಿ ಮೌನೇಶಪ್ಪ ಪ್ರತಿ ಹಲಗೆಯನ್ನೂ ಸಲಾಕೆಯಿಂದ ಬಡಿದು, ಅದರ ಮಿಸುಕಾಟ ನಿಂತ ಮೇಲೆಯೇ ಮೊಳೆ ಹೊಡೆಯುತ್ತಿದ್ದ.

ಇಂದುಮತಿಬಾಯಿಯ ಹಿತ್ತಲಲ್ಲಿ ಈಜುಕೊಳದ ಸುತ್ತ ಮರದ ಹಲಗೆಗಳ ನೆಲಹಾಸು ಮುಗಿಯುತ್ತ ಬಂದಿತ್ತು. ಕೊನೆಯ ಹಲಗೆಗೆ ಅವನು ಸಲಾಕೆ ಎತ್ತಿದಾಗ ಆಕೆ ಅಡ್ಡ ಬಂದಳು.

"ಎಷ್ಟ್ ಬಡಿತಿ ಮೌನೇಶಪ್ಪ! ಅದಕ್ಕೂ ಜೀವ ಐತಲ್ಲ. ಇದೊಂದನ್ನರ ಬಿಡು."

"ನೀರಿನ ಬಾಜೂಕ ಹಾಕೂದೈತ್ರಿ ಅಕ್ಕಾರ. ಬಡೀಲಿಲ್ಲಂದ್ರ ಸುಮ್ನ ಇರೂದಿಲ್ಲ."

ಆಕೆ ಒಪ್ಪಲಿಲ್ಲ. ಅವನು ಬಡಿಯದೆಯೇ ಮೊಳೆ ಹೊಡೆದ.

ನೀರಿನ ವಾಸನೆ ಹತ್ತಿದ್ದೇ ತಡ, ಹಲಗೆ ಮೊಳೆಗಳನ್ನು ಕಿತ್ತೆಸೆದು ಕೊಳದತ್ತ ನುಗ್ಗಿತು. ನಡುವೆ ನಿಂತಿದ್ದ ಇಂದುಮತಿಯ ಕಾಲಿಗೆ ಅದರಿಂದ ಚಿಮ್ಮಿದ ಬೇರೊಂದು ಸುತ್ತಿಕೊಂಡಿತು. ಮೂಳೆ ಲಟಕ್ಕೆಂದು ಮುರಿಯಿತು, ಆಕೆ ನೀರಿನೊಳಗೆ ಹೋದಳು. ಮೌನೇಶಪ್ಪ ಕೊಡಲಿ ಹಿಡಿದು ಹಾರಿದ. ಹಲಗೆ ಬೀಸಿದ ಏಟಿಗೆ ಅವನ ಎರಡು ಹಲ್ಲು ಉದುರಿದರೂ ಬಿಡದೆ ಬೇರು ಕಡಿದು, ಆಕೆಯನ್ನೂ ಹಲಗೆಯನ್ನೂ ಮೇಲಕ್ಕೆ ಎಳೆದು ಹಾಕಿದ.

ನೀರು ಕುಡಿದ ಹಲಗೆ ಈಗ ಸುಮ್ಮನೆ ಬಿದ್ದಿತ್ತು. ಅದರ ತುದಿಯಲ್ಲಿ ಎರಡು ಎಲೆ ಚಿಗುರಿದ್ದವು. ಇಂದುಮತಿ ಮುರಿದ ಕಾಲನ್ನು ಎಳೆದುಕೊಂಡು ಬಂದು ಅವನ ಕೈಯಿಂದ ಕೊಡಲಿ ಕಿತ್ತುಕೊಂಡಳು.

"ಬ್ಯಾಡ್ರಿ ಅಕ್ಕಾರ, ಅದಕ್ಕ ನೀರಡಿಕಿ ಆಗಿತ್ತಷ್ಟ."

ಎಲೆಗಳು ನುಚ್ಚುನೂರಾದ ಮೇಲೂ ಆಕೆ ಕಡಿಯುತ್ತಲೇ ಇದ್ದಳು.