ಕಾಗೆ ಕರೆದ ಕರಾರು

ಇದು ನಡೆದ ಸಂಗತಿ. ಇದರಲ್ಲಿ ಕಾಗೆ ಹಾರಿಸುವ ಮಾತೇ ಇಲ್ಲ. ಇರುವುದೆಲ್ಲ ಕಾಗೆ ಇಳಿಸುವ ಮಾತು.

“ಎಲ್ಲಿ, ಕೂಗಿ ನೋಡೋಣ,” ಎಂದರು ಜಡ್ಜ್ ಅನ್ನಪೂರ್ಣ.

ಕಟಕಟೆಯಲ್ಲಿದ್ದ ಮಿಮಿಕ್ರಿ ದೇವರಾಜ್ ಕೋರ್ಟಿನ ಕಿಟಕಿಯತ್ತ ತಿರುಗಿ ಗಂಟಲು ಸರಿಮಾಡಿಕೊಂಡ. ಎದುರಿನ ಕಟಕಟೆಯಲ್ಲಿ ಉತ್ತರಹಳ್ಳಿಯ ಬೈರಣ್ಣ ಕಂಬಿಯನ್ನು ಬಿಗಿಯಾಗಿ ಹಿಡಿದ. ಹೊರಗಿನ ಮರದಿಂದ ಒಂದೇ ಒಂದು ಕಾಗೆ ಬಂದು ಕಿಟಕಿಯಲ್ಲಿ ಕೂತರೂ ಅವನು ಏಳು ಸಾವಿರ ರೂಪಾಯಿ ಕಳೆದುಕೊಳ್ಳುತ್ತಿದ್ದ. ಮೂರು ಮನೆ, ಹನ್ನೊಂದು ಅಂಗಡಿಗಳ ಬಾಡಿಗೆ ಬರುವವನಿಗೆ ಏಳು ಸಾವಿರ ಯಾವ ಲೆಕ್ಕ? ಲೆಕ್ಕ ಬೇರೆಯೇ ಇತ್ತು. ಕಾಗೆ ಬಂದರೆ ಅವನು ಅಪ್ಪನನ್ನೂ ಕಳೆದುಕೊಳ್ಳುತ್ತಿದ್ದ, ಎರಡನೇ ಸಲ.

ಅವನ ಅಪ್ಪ ಪಿಳ್ಳಣ್ಣನವರಿಗೆ ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಯುಗಾದಿಯ ದಿನ ಅವರು ಕದ್ದು ಎತ್ತಿಕೊಂಡ ಒಬ್ಬಟ್ಟನ್ನು ಬೈರಣ್ಣ ಕೈಯಿಂದಲೇ ಕಿತ್ತುಕೊಂಡಿದ್ದ. ಮುನಿಸಿಕೊಂಡು ಮಲಗಿದ ಮುದುಕರು ಮತ್ತೆ ಏಳಲಿಲ್ಲ. ತಿಥಿಯ ದಿನ ತಾರಸಿಯಲ್ಲಿ ಎಡೆಯಿಟ್ಟು ಎರಡೂವರೆ ಗಂಟೆ ಕಾದರೂ ಕಾಗೆ ಬರಲಿಲ್ಲ. ಬದುಕಿರುವ ತನಕ ದಿನಾ ಬೆಳಿಗ್ಗೆ ಅದೇ ತಾರಸಿಯಲ್ಲಿ ನಿಂತು, ಬಾಯಿತುಂಬ ಬೈಯುತ್ತಲೇ ಕಾಗೆಗಳಿಗೆ ಕಡ್ಲೆಪುರಿ ಹಾಕಿದ ಮನುಷ್ಯನ ಎಡೆಗೇ ಈ ಗತಿ. ಒಬ್ಬಟ್ಟಿನ ಸಿಟ್ಟು ಇನ್ನೂ ಇಳಿದಿಲ್ಲ ಎಂದು ನೆಂಟರು ಪಿಸುಗುಟ್ಟಿದರು.

ಅದಕ್ಕೇ ಮಹಾಲಯ ಅಮಾವಾಸ್ಯೆಗೆ ಬೈರಣ್ಣ ದೇವರಾಜನನ್ನು ಗೊತ್ತುಮಾಡಿದ್ದು. ಈಗ ಇಟ್ಟಮಡುವಿನಲ್ಲಿ ‘ದೇವರಾಜ್ ದನಿ ಸೇವೆ’ ಎಂದು ಬೋರ್ಡು ಹಾಕಿಕೊಂಡಿರುವ ಅವನು ಹಿಂದೆ ಬೈರಣ್ಣನ ಔಟ್‌ಹೌಸಿನಲ್ಲೇ ನಾಲ್ಕು ವರ್ಷ ಬಾಡಿಗೆಗಿದ್ದವನು. ನಾಯಿಯಿಲ್ಲದ ಮನೆಗೆ ಬೊಗಳಿಕೆ ರೆಕಾರ್ಡ್ ಮಾಡಿಕೊಡುವುದು, ಮಾವಿನ ಮರವಿಲ್ಲದ ರೆಸಾರ್ಟಿಗೆ ಕೋಗಿಲೆ ಕೂಗಿಕೊಡುವುದು ಅವನ ವೃತ್ತಿ. ಬಾಯಿಂದಲೇ ದುಡಿಯುವವನಾದರೂ ಬಾಯಿಮಾತು ನಂಬುವವನಲ್ಲ. ನೂರು ರೂಪಾಯಿಯ ಛಾಪಾ ಕಾಗದದಲ್ಲಿ ಕರಾರು ಬರೆಸಿದ. ‘ಎರಡನೇ ಪಕ್ಷದವರು ಕಾಗೆಯನ್ನು ಕರೆಯತಕ್ಕದ್ದು. ಆ ಕರೆಗೆ ಬಂದ ಕಾಗೆಯು ಎಡೆ ಮುಟ್ಟಿದಲ್ಲಿ ಒಂದನೇ ಪಕ್ಷದವರು ಏಳು ಸಾವಿರ ಕೊಡತಕ್ಕದ್ದು.’ ಎರಡು ಪಕ್ಷ, ಒಂದು ಪಕ್ಷಿ, ಅದೂ ಪಿತೃಪಕ್ಷದಲ್ಲಿ.

ಆ ದಿನ ದೇವರಾಜ್ ಎಲ್ಲರನ್ನೂ ಕೆಳಗೆ ಕಳಿಸಿ ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತ. ಬೈರಣ್ಣ ನೆಲಮಹಡಿಯಲ್ಲಿ ನೆಂಟರ ನಡುವೆ ಕೂತು, ತಾರಸಿಯ ಕ್ಯಾಮೆರಾವನ್ನು ಮೊಬೈಲಿನಲ್ಲಿ ನೋಡುತ್ತಿದ್ದ. ಚಿತ್ರ ಮಾತ್ರ, ಸದ್ದಿಲ್ಲ. ಹತ್ತೇ ನಿಮಿಷ. ಒಂದಲ್ಲ, ಒಂಬತ್ತು ಕಾಗೆ ಇಳಿದವು. ಮೊದಲನೆಯದು ವಡೆ, ಮಾಂಸ ಎಲ್ಲ ಬಿಟ್ಟು ಸೀದಾ ಒಬ್ಬಟ್ಟು ಕಚ್ಚಿಕೊಂಡು ಹಾರಿತು.

ಬೈರಣ್ಣ ಅಳುತ್ತ ಮೆಟ್ಟಿಲು ಹತ್ತಿದರೆ, ಮೇಲ್ಮಹಡಿಯ ಅಡುಗೆಮನೆಯಿಂದ ಅವನ ತಾಯಿ ಅಂಜನಮ್ಮ ಕಾಫಿ ಲೋಟ ಹಿಡಿದು ತಾರಸಿಗೆ ಹೊರಟಿದ್ದರು. ಯಾರಿಗೆ ಎಂದರೆ, “ಕೂಗಿದ್ದು ಕೇಳುಸ್ತು, ಅದುಕ್ಕೆ...” ಎಂದರು. ಬೈರಣ್ಣ ಮುಂದೆ ಮಾತಾಡಲು ಬಿಡಲಿಲ್ಲ. ಲೋಟವನ್ನು ಕಣ್ಣಿಗೊತ್ತಿಕೊಂಡು ಪ್ರಸಾದದಂತೆ ತಾನೇ ಕುಡಿದ. ಪಾಯಸದಷ್ಟು ಸಿಹಿಯಿತ್ತು.

ಅಪ್ಪ ತಾವಾಗಿಯೇ ಬಂದಿದ್ದರು. ಅಮ್ಮನನ್ನು ಕೂಗಿಯೂ ಇದ್ದರು. ಇನ್ನು ದೇವರಾಜನಿಗೆ ಹಣ ಕೊಟ್ಟರೆ, ಬಂದದ್ದು ಅಪ್ಪನಲ್ಲ, ಬಾಡಿಗೆ ಕಾಗೆ ಎಂದು ಒಪ್ಪಿಕೊಂಡಂತೆ. ಬೈರಣ್ಣ ಕೊಡಲಿಲ್ಲ. ದೇವರಾಜ್ ಕೋರ್ಟಿಗೆ ಹೋದ. ಅಲ್ಲಿ ಬೈರಣ್ಣ ಕಾಫಿಯ ಕಥೆಯನ್ನೂ ಬಿಡದೆ ಹೇಳಿ, ಸಾಕ್ಷಿಗೆ ಇರಲಿ ಎಂದು ಅಮ್ಮನನ್ನೂ ಕರೆತಂದು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದ.

“ಕಾ... ಕಾ... ಕಾ...”

ಅಸಲಿ ದನಿ. ಬೆಂಚ್ ಗುಮಾಸ್ತ ತಲೆಯ ಮೇಲೆ ಕೈಯಿಟ್ಟು ಸೂರು ನೋಡಿದ. ಹೊರಗಿನ ಮರದ ಕಾಗೆಗಳು ಮಾತ್ರ ಕತ್ತು ಕೂಡ ತಿರುಗಿಸಲಿಲ್ಲ. ಮೂರು ಸಲ ಆಯಿತು.

ಬೈರಣ್ಣನ ಮುಖ ಅರಳಿತು. “ನೋಡಿ ಮೇಡಂ, ಇವನು ಬರೀ ಕಾಗೆ ಹಾರಿಸ್ತಾನೆ. ಬಂದಿದ್ದು ನಮ್ಮಪ್ಪ.”

ದೇವರಾಜ್ ತಲೆ ಕೆರೆದುಕೊಂಡ. “ಮೇಡಂ, ನೀವು ಕೂಗು ಅಂದ್ರಿ, ಕೂಗ್ದೆ. ಆದ್ರೆ ಅವತ್ತು ನಾನು ಕಾಗೆ ದನಿ ಮಾಡ್ಲೇ ಇಲ್ಲ. ಕರಾರಲ್ಲಿರೋದು ಕಾಗೆ ಥರ ಕೂಗೋದು ಅಂತಲ್ಲ, ಕಾಗೇನ ಕರೆಯೋದು ಅಂತ.”

ಹಾಗಾದರೆ ಅವತ್ತು ಮಾಡಿದ್ದನ್ನೇ ಮಾಡಿ ಎಂದರು ಜಡ್ಜ್. ದೇವರಾಜ್ ಸೊಂಟದ ಮೇಲೆ ಕೈಯಿಟ್ಟು ಗದ್ದ ಮುಂದೆ ಚಾಚಿದ.

“ಬರ್ರಲಾ, ಬರ್ರಲಾ ಕಳ್ ನನ್ ಮಕ್ಳಾ. ಇನ್ನೂ ಎಷ್ಟೊತ್ಲಾ ಕಾಯ್ಲಿ ನಾನು?”

ಕಾಗೆ ಬರಲಿಲ್ಲ. ಕೋರ್ಟಿನ ಕಾಗೆಗಳಿಗೆ ಪಿಳ್ಳಣ್ಣನವರ ಕಡ್ಲೆಪುರಿಯ ಋಣ ಇರಲಿಲ್ಲ. ಬಂದವನು ಬೈರಣ್ಣ. “ಬಂದೆ ಅಪ್ಪಾ, ಬಂದೆ,” ಎನ್ನುತ್ತ ಕಟಕಟೆ ಇಳಿದು ಅರ್ಧ ದಾರಿ ನಡೆದ ಮೇಲೆ ಅವನಿಗೆ ತಾನೆಲ್ಲಿದ್ದೇನೆಂದು ತಿಳಿಯಿತು.

ಇಡೀ ಕೋರ್ಟು ನಕ್ಕಿತು. ಜಡ್ಜ್ ಫೈಲು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಬೈರಣ್ಣ ಮಾತ್ರ ನಗಲಿಲ್ಲ. ಹಿಂದಿನ ಬೆಂಚಿನತ್ತ ತಿರುಗಿ ಮೆಲ್ಲಗೆ ಕೇಳಿದ. “ಹಂಗಾರೆ ಅಪ್ಪ ಬರ್ಲೇ ಇಲ್ವೇನಮ್ಮ?”

ಅಂಜನಮ್ಮ ಎದ್ದು ನಿಂತರು. “ಕರ್ದಿದ್ದು ಇವ್ನು ಕಣ್ಲಾ. ವಡೆ ಬಿಟ್ಟು ಒಬ್ಬಟ್ಟು ಎತ್ಕಂಡ್ ಹೋಗಿದ್ದು ನಿಮ್ಮಪ್ಪನೇಯ. ದುಡ್ ಕೊಟ್ಬುಡು.”

ಬೈರಣ್ಣನ ಕೈ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. “ಅಂದ್ರೆ ನಿಂಗೆ ಗೊತ್ತಿತ್ತಾ? ಮತ್ತೆ ಅಪ್ಪಂಗೆ ಅಂತ ಕಾಫಿ ಯಾಕೆ ತಂದಿದ್ದೆ?”

“ಹನ್ನೆರಡ್ ವರ್ಷ ಸಕ್ಕರೆ ಮುಟ್ಟುಸ್ದೆ ಕಾಯ್ದೋಳು, ನಿಮ್ಮಪ್ಪಂಗೆ ಸಕ್ಕರೆ ಹಾಕಿ ತರ್ತೀನಾ? ಅದು ಕೂಗಿ ಕೂಗಿ ಗಂಟಲು ಒಣಗಿದ್ದ ಈ ದೇವರಾಜಂಗೆ. ನೀನು ಅಳ್ತಾ ಅಳ್ತಾ ಕುಡ್ಕಂಡ್ ಬುಟ್ಟೆ, ಸುಮ್ಕಾದೆ.”

ಕೋರ್ಟಿನಲ್ಲಿ ಎದ್ದ ನಗೆಗೆ ಹೊರಗಿನ ಮರದ ಕಾಗೆಗಳೆಲ್ಲ ಬೆದರಿ ಒಮ್ಮೆಗೇ ಹಾರಿದವು. ಕೊನೆಗೂ ಕಾಗೆ ಹಾರಿಸಿದವನು ಬೈರಣ್ಣನೇ.